ಆ ಕಾಲದ ಇಂಗ್ಲಿಷ್ ಕವಿಗಳು ಕವಿತೆ ಬರೆದೇ ಹೊಟ್ಟೆ ಹೊರೆಯುತ್ತಿದ್ದರೇ?

ಬಿ.ಎಂ.ಶ್ರೀ. ಅವರ ‘ಕಾರಿಹೆಗ್ಗಡೆಯ ಮಗಳು’ ಓದಿದವರು, ಅದರ ಮೂಲ ಬರೆದ ಥಾಮಸ್ ಕ್ಯಾಂಪ್‌ಬೆಲ್‌ನ ವಿಷಯ ಬಂದಾಗಲೆಲ್ಲ ಇದನ್ನೇ ಕೇಳುತ್ತಾರೆ: ಅವನಿಗೂ ಅವನ ಕಾಲದ, ಎಂದರೆ 1800ರ ಆಚೀಚಿನ, ಕವಿಗಳಿಗೂ ಬದುಕಲು ದುಡ್ಡು ಎಲ್ಲಿಂದ? ಕವಿತೆಯಿಂದಲೇ ಬದುಕಿದವರು ಬೆರಳೆಣಿಕೆಯಷ್ಟು. ಉಳಿದವರ ಗತಿ ತಿಳಿಯಬೇಕಾದರೆ ಕಾಗದದ ಲೆಕ್ಕ ನೋಡಬೇಕು.

ಆಗ ಕಾಗದ ಚಿಂದಿಬಟ್ಟೆಯಿಂದ ಆಗುತ್ತಿತ್ತು, ಮೇಲೆ ಸರ್ಕಾರದ ಸುಂಕ ಬೇರೆ. ಒಂದು ಹಾಳೆಯನ್ನು ಮೂರು ಸಲ ಮಡಚಿದರೆ ಆಕ್ಟೇವೊ, 16 ಪುಟ. ಎರಡೇ ಸಲ ಮಡಚಿದರೆ ಕ್ವಾರ್ಟೊ, 8 ಪುಟ. ಕವಿ ಜಾನ್ ಕೀಟ್ಸ್‌ನ 1820ರ ಸಂಕಲನವನ್ನೇ ತೆಗೆದುಕೊಳ್ಳಿ. ಮುಖಪುಟ ಗಿಖಪುಟ ಎಲ್ಲ ಸೇರಿ ಆಕ್ಟೇವೊದಲ್ಲಿ 208 ಪುಟ ಎಂದಿಟ್ಟುಕೊಂಡರೆ ಪ್ರತಿಗೆ 13 ಹಾಳೆ. 500 ಪ್ರತಿಗೆ 6,500 ಹಾಳೆ, ಎಂದರೆ 480 ಹಾಳೆಯ ರೀಮಿನಲ್ಲಿ ಹದಿಮೂರೂವರೆ ರೀಮು. ಹಾಳಾಗುವ ಹಾಳೆ ಬೇರೆ. ಬೆಲೆ ಏಳೂವರೆ ಶಿಲಿಂಗ್. 500ನ್ನೂ ಮಾರಿದರೆ 187 ಪೌಂಡ್ 10 ಶಿಲಿಂಗ್ (ಆಗ 20 ಶಿಲಿಂಗಿಗೆ ಒಂದು ಪೌಂಡ್). ಅಂಗಡಿಯವರ ಕಮಿಷನ್ ಮೂರರಲ್ಲೊಂದು ಪಾಲು ಎಂದು ಹಿಡಿದರೂ ಕೈಗೆ ಬರುವುದು 125 ಪೌಂಡ್. ಕಾಗದ, ಅಚ್ಚು, ಜಾಹೀರಾತು ಎಲ್ಲ ಇದರಲ್ಲೇ ಹುಟ್ಟಬೇಕು. ಕಾನೂನಿನ ಪ್ರಕಾರ 11 ಗ್ರಂಥಾಲಯಗಳು ಕೇಳಿದ ಪ್ರತಿಗಳನ್ನು ಪುಕ್ಕಟೆ ಕೊಡಬೇಕಾದದ್ದು ಇನ್ನೊಂದು ತಲೆನೋವು. 250 ಪ್ರತಿಯ ದುಬಾರಿ ಕ್ವಾರ್ಟೊ ಅಚ್ಚು ಹಾಕಿದವನಿಗೆ ಈ ಹನ್ನೊಂದು ಚೆನ್ನಾಗಿಯೇ ಚುಚ್ಚುತ್ತಿತ್ತು. ಕೀಟ್ಸ್ 1821ರ ಫೆಬ್ರವರಿಯಲ್ಲಿ ರೋಮಿನಲ್ಲಿ ತೀರಿಕೊಂಡಾಗಲೂ ಆ 500 ಖಾಲಿಯಾಗಿರಲಿಲ್ಲ.

ಹೆಚ್ಚು ಪ್ರತಿ ಹಾಕಬಹುದಿತ್ತಲ್ಲ ಎಂದರೆ, ಮಾರದಿದ್ದರೆ ಅಷ್ಟು ಕಾಗದವೂ ರದ್ದಿ. ಕಡಿಮೆ ಹಾಕಿದರೆ ಬೇರೆ ಪೇಚು: ಅಚ್ಚಿನ ಮೊಳೆಗಳು (ಅಕ್ಷರದ ಅಚ್ಚುಗಳು) ದುಬಾರಿ, ಆದ್ದರಿಂದ ಒಂದಷ್ಟು ಪುಟ ಅಚ್ಚಾದ ಕೂಡಲೇ ಬಿಚ್ಚಿ ಮುಂದಿನ ಪುಟಕ್ಕೆ ಜೋಡಿಸುತ್ತಿದ್ದರು. ಎರಡನೇ ಮುದ್ರಣಕ್ಕೆ ಇಡೀ ಪುಸ್ತಕ ಮತ್ತೆ ಮೊದಲಿನಿಂದ ಜೋಡಿಸಬೇಕು.

ಕವಿಗೆ ಮೂರು ದಾರಿ ಇದ್ದವು. ಸ್ವಂತ ಖರ್ಚಿನಲ್ಲಿ ಹಾಕಿಸಿ, ಮಾರಿಕೊಟ್ಟದ್ದಕ್ಕೆ ಪ್ರಕಾಶಕನಿಗೆ ಕಮಿಷನ್ ಕೊಡುವುದು ಒಂದು. ಹಕ್ಕನ್ನೇ ಒಂದೇ ಸಲಕ್ಕೆ ಮಾರುವುದು ಇನ್ನೊಂದು. ಮೂರನೆಯದು ಅರ್ಧ ಲಾಭ. ಕೇಳಲು ನಮ್ಮ ಕೋರು ಗದ್ದೆಯ ಹಾಗಿದ್ದರೂ ಇಲ್ಲಿ ಪಾಲಾಗುತ್ತಿದ್ದದ್ದು ಬೆಳೆಯಲ್ಲ, ಖರ್ಚೆಲ್ಲ ಕಳೆದು ಉಳಿದದ್ದು. ಖರ್ಚಿನ ಪಟ್ಟಿ ಬರೆಯುವವನು ಪ್ರಕಾಶಕ. ಕಾಗದದ ಅಂಗಡಿಯಲ್ಲಿ ತನಗೆ ಸಿಕ್ಕ ರಿಯಾಯಿತಿ ಆ ಪಟ್ಟಿಯಲ್ಲಿ ಕಾಣುವುದಿಲ್ಲ ಎಂಬುದು ಲೇಖಕರ ಹಳೆಯ ದೂರು. ನಷ್ಟವಾದರೆ ಕವಿ ಕೈಯಿಂದ ಕಟ್ಟಬೇಕಾಗಿರಲಿಲ್ಲ, ಅಷ್ಟರ ಮಟ್ಟಿಗೆ ವಾಸಿ.

ಹಕ್ಕು ಮಾರುವುದು ಶುದ್ಧ ಜೂಜು. 1798ರಲ್ಲಿ ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಸೇರಿ ತಂದ ‘ಲಿರಿಕಲ್ ಬ್ಯಾಲಡ್ಸ್’ಗೆ ಬ್ರಿಸ್ಟಲ್‌ನ ಪ್ರಕಾಶಕ ಜೋಸೆಫ್ ಕಾಟಲ್ ಕೊಟ್ಟದ್ದು 30 ಗಿನಿ (ಗಿನಿ ಎಂದರೆ 21 ಶಿಲಿಂಗ್). ಅವನು ತನ್ನ ವ್ಯವಹಾರವನ್ನು ಲಂಡನ್ನಿನ ಪ್ರಕಾಶಕ ಲಾಂಗ್‌ಮನ್‌ಗೆ ಮಾರಿದಾಗ ಈ ಪುಸ್ತಕದ ಹಕ್ಕಿಗೆ ಕಟ್ಟಿದ ಬೆಲೆ ಸೊನ್ನೆ. ಹಾಗಾದರೆ ನನಗೇ ಕೊಡಿ ಎಂದು ಕೇಳಿ ಪಡೆದು, ಕಾಟಲ್ ಅದನ್ನು ವರ್ಡ್ಸ್‌ವರ್ತ್‌ಗೇ ವಾಪಸ್ ಕೊಟ್ಟ. ಆದರೆ ವಾಲ್ಟರ್ ಸ್ಕಾಟ್‌ನ ‘ಮಾರ್ಮಿಯನ್’ಗೆ (1808) ಬರೆದು ಮುಗಿಯುವ ಮೊದಲೇ 1,000 ಗಿನಿ. ಕವಿ ಥಾಮಸ್ ಮೂರ್‌ನ ‘ಲಲ್ಲಾ ರೂಖ್’ಗೆ ಒಂದು ಸಾಲನ್ನೂ ನೋಡದೆ 3,000 ಪೌಂಡ್ ಒಪ್ಪಂದ! ಲಾರ್ಡ್ ಬೈರನ್‌ನ ‘ದಿ ಕೋರ್ಸೇರ್’ 1814ರಲ್ಲಿ ಮೊದಲ ದಿನವೇ 10,000 ಪ್ರತಿ ಖರ್ಚಾಯಿತು. ಪ್ರಭುವಾದವನು ಕವಿತೆಗೆ ಕಾಸು ಮುಟ್ಟಬಾರದೆಂದು ಅವನು ಮೊದಮೊದಲು ಹಕ್ಕಿನ ಹಣವನ್ನು ನೆಂಟ ಡಲ್ಲಾಸನಿಗೆ ಬಿಟ್ಟುಕೊಟ್ಟ. ಆ ಬಿಂಕ ಬಹಳ ದಿನ ಉಳಿಯಲಿಲ್ಲ.

ಅದೇ 1814ರಲ್ಲಿ ವರ್ಡ್ಸ್‌ವರ್ತ್‌ನ ‘ದಿ ಎಕ್ಸ್‌ಕರ್ಷನ್’ ಬಂತು. ಕ್ವಾರ್ಟೊ, 500 ಪ್ರತಿ, ಬೆಲೆ ಎರಡು ಗಿನಿ, ಅಂದರೆ 42 ಶಿಲಿಂಗ್. ಹೊಲದ ಆಳಿಗೆ ವಾರಕ್ಕೆ ಹತ್ತು ಹದಿನೈದು ಶಿಲಿಂಗ್ ಸಿಗುತ್ತಿದ್ದ ಕಾಲ. ಹೆಚ್ಚುಕಡಿಮೆ ಒಂದು ತಿಂಗಳ ಕೂಲಿ ಒಂದು ಪುಸ್ತಕಕ್ಕೆ. ಹಳ್ಳಿಯ ಬಡವರನ್ನು ಕುರಿತ ಕಾವ್ಯವನ್ನು ಆ ಬಡವರು ಮುಟ್ಟುವಂತಿರಲಿಲ್ಲ. ಅಗ್ಗದ ಆಕ್ಟೇವೊ ಬರಲು 1820 ಆಗಬೇಕಾಯಿತು. ಅವನ ಮನೆ ನಡೆದದ್ದರಲ್ಲಿ 1813ರಲ್ಲಿ ಸಿಕ್ಕ ಸ್ಟಾಂಪು ಕಾಗದ ಹಂಚುವ ಸರ್ಕಾರಿ ಕೆಲಸದ ಪಾಲು ದೊಡ್ಡದು. ಕೋಲ್‌ರಿಜ್‌ಗೆ ಪಿಂಗಾಣಿ ಕಾರ್ಖಾನೆಯ ವೆಜ್‌ವುಡ್ ಮನೆತನದಿಂದ ವರ್ಷಕ್ಕೆ 150 ಪೌಂಡ್ ಬರುತ್ತಿತ್ತು, ಆಮೇಲೆ ಅದೂ ಅರ್ಧವಾಯಿತು. ಅವರ ಗೆಳೆಯ ರಾಬರ್ಟ್ ಸೌದಿ ಇಂಗ್ಲೆಂಡಿನ ರಾಜಕವಿಯಾದರೂ ಅವನಿಗೆ ಅನ್ನ ಕೊಟ್ಟದ್ದು ಪತ್ರಿಕೆಗಳಿಗೆ ಬರೆದ ಗದ್ಯ.

ಇನ್ನು ನಮ್ಮ ಕ್ಯಾಂಪ್‌ಬೆಲ್. 1799ರಲ್ಲಿ ಅವನ ಮೊದಲ ಕಾವ್ಯ ಮನೆಮಾತಾಯಿತು, ಮುದ್ರಣದ ಮೇಲೆ ಮುದ್ರಣ ಕಂಡಿತು. ಅವನೋ ಹಕ್ಕನ್ನು 60 ಪೌಂಡಿಗೆ ಮಾರಿ ಕೂತಿದ್ದ. ಪ್ರಕಾಶಕರು ಕೆಲವು ಕಾಲ ಮುದ್ರಣಕ್ಕೆ 50 ಪೌಂಡಿನಂತೆ ಕೊಟ್ಟರು. ಅದು ಔದಾರ್ಯ, ಹಕ್ಕಲ್ಲ, ಹಾಗಾಗಿ ನಿಂತೂ ಹೋಯಿತು. 1805ರಲ್ಲಿ ಸರ್ಕಾರ ವರ್ಷಕ್ಕೆ 200 ಪೌಂಡ್ ಪಿಂಚಣಿ ಕಟ್ಟಿತು. ಕಾರಿಹೆಗ್ಗಡೆಯ ಮಗಳ ಮೂಲ 1809ರಲ್ಲಿ ಪುಸ್ತಕದಲ್ಲಿ ಅಚ್ಚಾಗುವಾಗ ಅವನು ನಾಲ್ಕು ವರ್ಷದ ಪಿಂಚಣಿದಾರ. ಆಗ ಅವನ ವಯಸ್ಸು ಮೂವತ್ತೊಂದು.