ಭಟ್ಟರ ಕಾವಲಿಯೇ ನಮಗೆ ಭೂಮಿ

ಇಂಜಿನಿಯರಿಂಗ್ ಕೊನೆಯ ವರ್ಷ ನಾವೊಂದು ಪುಟ್ಟ ಉಪಗ್ರಹ ಮಾಡಿದ್ದೆವು. ಹಾರಿಸೋಕಲ್ಲ, ಸುಮ್ನೆ ಮೇಜಿನ ಮೇಲಿಟ್ಟು ತೋರಿಸೋಕೆ. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಹಾರಿಜಾನ್ ಸೆನ್ಸರ್.

ಭೂಮಿ ಯಾವ ಕಡೆಗಿದೆ ಅಂತ ಉಪಗ್ರಹಕ್ಕೆ ಹೇಳುವುದು ಇದರ ಕೆಲಸ. ಬಾಹ್ಯಾಕಾಶ ಮೈನಸ್ 270 ಡಿಗ್ರಿ, ಅದರ ಮುಂದೆ ಭೂಮಿ ಬೆಚ್ಚಗೆ. ಆ ಎರಡರ ನಡುವಿನ ಅಂಚು ಸಿಕ್ಕರೆ ಎಷ್ಟು ವಾಲಿದ್ದೇವೆ ಅಂತ ಗೊತ್ತಾಗುತ್ತದೆ. ಬಿಸಿಲೇ ಬೇಕಿಲ್ಲ, ರಾತ್ರಿಯೂ ನಡೆಯುತ್ತದೆ. ಪೀಣ್ಯದ ಇಸ್ರೋ ಲ್ಯಾಬಿನಲ್ಲಿ ಇಂಥವನ್ನು ಮಾಡುತ್ತಾರೆ. ನಮ್ಮ ಜೇಬಿಗೆ ಎಟುಕಿದ್ದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡ್. ಹಣೆಗೆ ಹಿಡಿದು ಜ್ವರ ನೋಡುವ ಥರ್ಮಾಮೀಟರಿನಲ್ಲಿ ಇರುತ್ತಲ್ಲ, ಅಂಗಿ ಗುಂಡಿಯಷ್ಟು ದೊಡ್ಡ ಥರ್ಮೋಪೈಲ್, ಅದನ್ನೇ ತಂದೆವು.

ಭೂಮಿಯ ಬದಲಿಗೆ ಕರೆಂಟ್ ಒಲೆಯ ಮೇಲೆ ಹೊಸ ಸ್ಟೀಲ್ ತಟ್ಟೆ. ನೀರು ಚಿಮುಕಿಸಿದರೆ ಚುಂಯ್ ಅನ್ನುತ್ತೆ, ಸೆನ್ಸರ್ ಮಾತ್ರ 45 ಡಿಗ್ರಿ ಅನ್ನುತ್ತೆ! ಎರಡು ಗಂಟೆ ವೈರು, ಕೋಡು ಎಲ್ಲ ಜಾಲಾಡಿದೆವು. ಆಮೇಲೆ ಬಂದ ಸರ್ ನಕ್ಕರು. "ಅದು ತಟ್ಟೆಯ ಬಿಸಿ ನೋಡ್ತಿಲ್ಲ ಕಣ್ರಪ್ಪಾ, ತಟ್ಟೆಯಲ್ಲಿ ಕಾಣೋ ಸೂರನ್ನ ನೋಡ್ತಿದೆ." ಹೊಳೆಯುವ ಲೋಹ ತನ್ನ ಶಾಖ ಹೊರಗೆ ಬಿಡೋದು ಕಡಿಮೆ, ಸುತ್ತಲಿನದನ್ನು ಕನ್ನಡಿ ಥರ ತೋರಿಸೋದೇ ಜಾಸ್ತಿ.

ಮೆಸ್ಸಿಗೆ ಓಡಿದೆ. "ಭಟ್ರೇ, ಕಾವಲಿ ಕೊಡ್ತೀರಾ?"

"ರಾತ್ರಿ ದೋಸೆ ಉಂಟು ಮಾರಾಯ. ಏಳಕ್ಕೆ ವಾಪಸ್ ತಾ."

ವರ್ಷಗಟ್ಟಲೆ ಎಣ್ಣೆ ಕುಡಿದು ಕರ್ರಗಾದ ಕಬ್ಬಿಣ. ಸೆನ್ಸರ್ ಸಲೀಸಾಗಿ 150 ದಾಟಿತು. ಕಾವಲಿಯ ಅಂಚಿನಾಚೆ ತಿರುಗಿಸಿದರೆ ಇಳಿಯಿತು. ಕುಣಿದಾಡಿಬಿಟ್ಟೆವು.

ಕಾವಲಿ ಮರಳಿಸಿ, ಸೆನ್ಸರ್ ಹಿಡಿದು ಹಾಸ್ಟೆಲ್ ತಾರಸಿಗೆ ಹೋದೆ. ತಿಳಿ ಆಕಾಶಕ್ಕೆ ಹಿಡಿದರೆ ಮೈನಸ್ 12. ಅಷ್ಟರಲ್ಲಿ ಒಂದು ತುಂಡು ಮೋಡ ಬಂತು. ಅಂಕಿ ಪ್ಲಸ್ 9ಕ್ಕೆ ಏರಿತು! ಕುಣಿದಾಡಿದ್ದು ಅಲ್ಲೇ ಇಳಿದುಹೋಯಿತು. ಮೇಲಿನಿಂದ ನೋಡಿದರೂ ಇದೇ ತಕರಾರಲ್ವಾ? ಎತ್ತರದ ಮೋಡದ ನೆತ್ತಿ ತಣ್ಣಗೆ, ಹಗಲಿನ ಮರುಭೂಮಿ ಬಿಸಿ. ಭೂಮಿಯ ಅಂಚು ಎಲ್ಲಿ ಅಂತ ಸೆನ್ಸರ್ ನಂಬಬೇಕು?

ಪುಸ್ತಕದಲ್ಲಿ ಓದಿ ದಾಟಿಸಿಬಿಟ್ಟಿದ್ದ ಸಾಲು ಆಗ ನೆನಪಾಯಿತು. ನಿಜವಾದ ಸೆನ್ಸರ್‌ಗಳು ಹೆಚ್ಚಾಗಿ ನೋಡುವುದು ಶಾಖದ ಕಿರಣಗಳಲ್ಲಿ 14ರಿಂದ 16 ಮೈಕ್ರಾನ್ ಅಲೆಯುದ್ದದ ಪಟ್ಟಿಯನ್ನು. ಅಲ್ಲಿ ಕಾರ್ಬನ್ ಡೈಆಕ್ಸೈಡ್ ಕೆಳಗಿನ ಶಾಖವನ್ನೆಲ್ಲ ನುಂಗಿಬಿಡುತ್ತದೆ. ಕಾಣುವ ಅಂಚು ಸುಮಾರು 40 ಕಿ.ಮೀ. ಎತ್ತರದ ಗಾಳಿಯದು. ಕೆಳಗೆ ಮೋಡವಿರಲಿ, ಕಡಲಿರಲಿ, ಅದು ಅಷ್ಟಾಗಿ ಕದಲುವುದಿಲ್ಲ. ನಮ್ಮ ಗುಂಡಿ ಸೆನ್ಸರಿನ ನೋಟ 14 ಮೈಕ್ರಾನ್‌ಗೇ ಮುಗಿದುಹೋಗುತ್ತಿತ್ತು.

ರಾತ್ರಿ ಹತ್ತರವರೆಗೆ ಅಲ್ಲೇ ಕೂತು, ಮೋಡ ಬಂದಾಗ ಒಂದು, ಹೋದಾಗ ಒಂದು ಅಂಕಿ ಬರೆದುಕೊಂಡೆ.