ಎರಡು ರಿಸೀವರ್‌ ಫೋನು: ಗುರ್‌ರ್ ಸದ್ದಿಗೆ ಕೊನೆಗೂ ಮುಕ್ತಿ

ನಿಂತಿತು ಮಾರಾಯ್ರೆ, ತೋಟದ ಕ್ಲಿನಿಕ್‌ಗೆ ನಾನು ಮಾಡಿಕೊಟ್ಟ ದುಭಾಷಿ ಫೋನಿನ ಆ ದರಿದ್ರ ಸದ್ದು ನಿಂತಿತು!

ಹೊಸಬರಿಗಾಗಿ ಚುಟುಕಾಗಿ: ಮೂಡಿಗೆರೆ ಕಡೆಯ ತೋಟದ ಲೈನ್ ಮನೆಗಳಲ್ಲಿ ಈಗ ಅಸ್ಸಾಂ, ಜಾರ್ಖಂಡ್‌ನಿಂದ ಬಂದವರು ಬಹಳ. ಸಾದ್ರಿ, ಸಂತಾಲಿ ಆಡುತ್ತಾರೆ. ಡಾಕ್ಟರ್ ಹತ್ತಿರ ಹೋದರೆ ದುಭಾಷಿ ಯಾರು? ಮೇಸ್ತ್ರಿ. ಹಾಜರಿ ಹಾಕುವವನ ಎದುರು ಯಾವ ಹೆಂಗಸು ಬಿಳಿಸೆರಗಿನ ವಿಷಯ ಬಾಯಿಬಿಡುತ್ತಾಳೆ? ಆಸ್ಟ್ರೇಲಿಯಾದಲ್ಲಿ 131 450 ಒತ್ತಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ ದುಭಾಷಿ ಸಿಗುತ್ತಾರಂತೆ. ನಮಗೆ ಸಿಕ್ಕಿರುವುದು ರಾಂಚಿ ಕಡೆಯ ನರ್ಸ್ ಒಬ್ಬರು. ಕನ್ನಡ, ಸಾದ್ರಿ ಎರಡೂ ಸಲೀಸು. ಹೇಳಿದ್ದಕ್ಕೆ ಒಗ್ಗರಣೆ ಹಾಕದೆ ಫೋನಿನಲ್ಲೇ ದಾಟಿಸುತ್ತಾರೆ, ಅದೇ ದೊಡ್ಡದು. ಸ್ಪೀಕರ್‌ಫೋನ್ ಇಟ್ಟರೆ ಹೊರಗಿನ ಕ್ಯೂ ಪೂರ್ತಿ ಕೇಳಿಸಿಕೊಳ್ಳುತ್ತದೆ. ಅದಕ್ಕೇ ಈ ಫೋನಿನಲ್ಲಿ ಡಾಕ್ಟರಿಗೊಂದು, ರೋಗಿಗೊಂದು ರಿಸೀವರ್.

ಡಬ್ಬಿ, ಬ್ಯಾಟರಿ, ಕೋಡ್ ಎಲ್ಲ ಮಾಮೂಲಿ, ಬಿಡಿ. ಸಿಮ್800ಎಲ್‌ಗೆ (ಸಿಮ್ ಹಾಕಿ ಕರೆ ಮಾಡುವ ಪುಟ್ಟ ಮಾಡ್ಯೂಲ್) 2 ಆಂಪಿಯರ್ ಪೀಕ್ ಕರೆಂಟ್ ಬೇಕು ಅಂತ ನಿಮಗೆ ಹೇಳುವ ಅಗತ್ಯವಿಲ್ಲ. ಚಿಕ್ಕಮಗಳೂರಿನಲ್ಲಿ, ನನ್ನ ಮೇಜಿನ ಮೇಲೆ, ಬೆಣ್ಣೆಯಂಥ ಧ್ವನಿ. ತೋಟದ ಕ್ಲಿನಿಕ್‌ನಲ್ಲಿ ಗುರ್‌ರ್! ಜ್ವರ ನೂರೋ ನೂರಾ ಮೂರೋ ಎಂದು ನರ್ಸಮ್ಮ ಮತ್ತೆ ಮತ್ತೆ ಕೇಳಬೇಕಾಯಿತು.

ಜಿಎಸ್‌ಎಂ, ಅಂದರೆ 2ಜಿ ಮೊಬೈಲ್ ರೇಡಿಯೋ, ಸೆಕೆಂಡಿಗೆ ಸುಮಾರು 217 ಸಲ ಆನ್-ಆಫ್ ಆಗುತ್ತದೆ. ಆ ಸದ್ದು ಅದರದ್ದೇ. ಸಿಗ್ನಲ್ ಚೆನ್ನಾಗಿದ್ದರೆ ಮೆಲ್ಲಗೆ ಉಸುರುತ್ತದೆ, ಕಮ್ಮಿಯಾದರೆ 900 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ 2 ವ್ಯಾಟ್‌ವರೆಗೂ ಕಿರುಚುತ್ತದೆ. ಅಂದರೆ ಈ ಡಬ್ಬಿ ಎಲ್ಲಿ ಬೇಕೋ ಅಲ್ಲೇ ಕೈಕೊಡುತ್ತದೆ. 4ಜಿಗೆ ಹೋಗಿ ಅನ್ನಬೇಡಿ, ಆ ಹಳ್ಳದಲ್ಲಿ 4ಜಿ ನೆಂಟರ ಹಾಗೆ, ಬಂದರೆ ಬಂತು.

ಮೊದಲ ಅನುಮಾನ ಗ್ರೌಂಡ್ ಮೇಲೆ, ಅಂದರೆ ರೇಡಿಯೋ, ಮೈಕ್ ಎರಡೂ ಹಂಚಿಕೊಳ್ಳುವ ಬ್ಯಾಟರಿ ವೈರಿನ ಮೇಲೆ. ಮೈಕ್‌ಗೆ ಬೇರೆ ಬ್ಯಾಟರಿ ಕೊಟ್ಟೆ, ಕಿಂಚಿತ್ತೂ ವ್ಯತ್ಯಾಸವಿಲ್ಲ. ಆದರೆ ರಿಸೀವರಿನ ಸುರುಳಿ ವೈರನ್ನು ಮುಷ್ಟಿಯಲ್ಲಿ ಹಿಡಿದಾಗ ಸದ್ದು ಏರಿಳಿಯಿತು. ವೈರೇ ಆಂಟೆನಾ! ಅದು ಹಿಡಿದ ರೇಡಿಯೋ, ಮೈಕ್ ಒಳಗಿನ ಟ್ರಾನ್ಸಿಸ್ಟರ್‌ನಲ್ಲಿ ಸದ್ದಾಗಿ ಬದಲಾಗುತ್ತಿತ್ತು.

ಮದ್ದು ಹಳೆಯದೇ, ಪುಟ್ಟ ಕೆಪಾಸಿಟರ್: 900 ಬ್ಯಾಂಡಿಗೆ 33 ಪಿಎಫ್ (ಪಿಕೋಫ್ಯಾರಡ್), 1800 ಬ್ಯಾಂಡಿಗೆ 10 ಪಿಎಫ್. ಬೋರ್ಡ್ ಮೇಲಲ್ಲ, ಮೈಕ್ ಕಾಲಿಗೇ ಬೆಸುಗೆ ಹಾಕಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಒಬ್ಬ ಅಂಗಡಿ ಮಹಾಶಯ 33 ಪಿಎಫ್ ಕೇಳಿದರೆ 0.33 ಮೈಕ್ರೋಫ್ಯಾರಡ್ ಕಳಿಸಿದ. ಫೋನ್ ಮಾಡಿದರೆ 'ಎರಡೂ ಮೂವತ್ಮೂರೇ ಅಲ್ವಾ ಸಾರ್?' ಎಂದ. ಅದೇ ಪುಣ್ಯಾತ್ಮ 'ಹೊಸದು' ಎಂದು ಕೊಟ್ಟ ಮಾಡ್ಯೂಲ್ ಮೇಲೆ ಯಾರದೋ ಹಳೆ ಬೆಸುಗೆ ಇತ್ತು.

ಕೆಪಾಸಿಟರ್‌ನಿಂದ ಮುಕ್ಕಾಲು ಪಾಲು ಸದ್ದು ಹೋಯಿತು. ಉಳಿದದ್ದು ಆಂಟೆನಾವನ್ನು ಕೇಬಲ್ ಹಾಕಿ ಸೂರಿನ ಮೇಲೆ ಏರಿಸಿದ ಮೇಲೆ ಹೋಯಿತು. ಸಿಗ್ನಲ್ ಸುಧಾರಿಸಿದ್ದರಿಂದ ಕಿರುಚುವ ಅಗತ್ಯವೂ ಅದಕ್ಕೆ ತಪ್ಪಿತು.

ಇದರ ಮಧ್ಯೆ ತಲೆಗೆ ಇನ್ನೊಂದು ಹುಳ ಹೊಕ್ಕಿದೆ: ಮಾತ್ರೆ ಡಬ್ಬಿ. 'ಬೆಳಿಗ್ಗೆ ಒಂದು, ಊಟ ಆದಮೇಲೆ' ಅನ್ನುವುದನ್ನು ನರ್ಸಮ್ಮನ ಸಾದ್ರಿಯಲ್ಲೇ ರೆಕಾರ್ಡ್ ಮಾಡಿ, ಗುಂಡಿ ಒತ್ತಿದರೆ ಕೇಳುವ ಹಾಗೆ. ಅದಕ್ಕೆ ಬೇಕಾದ ಇಎಸ್‌ಪಿ32 ಚಿಪ್ ಬೋರ್ಡ್ ಈಗಾಗಲೇ ಮೇಜಿನ ಮೇಲಿದೆ, ಮನೆಯವಳಿಗೆ ಇನ್ನೂ ಹೇಳಿಲ್ಲ. ಫೋನಿನ ಕರೆಗಳನ್ನು ಮಾತ್ರ ರೆಕಾರ್ಡ್ ಮಾಡುವ ಮಾತೇ ಇಲ್ಲ, ದಯವಿಟ್ಟು ಆ ಸಲಹೆ ಬೇಡ.

ಸಂತಾಲಿಗೆ ಇನ್ನೂ ಯಾರೂ ಸಿಕ್ಕಿಲ್ಲ. ಆಸ್ಪತ್ರೆ ಕೆಲಸ ಗೊತ್ತಿರುವವರು ಹಾಸನ ಕಡೆ ಇದ್ದರೆ ತಿಳಿಸಿ. ಹಳೆ ಲ್ಯಾಂಡ್‌ಲೈನ್ ರಿಸೀವರ್‌ಗಳು ಅಟ್ಟದ ಮೇಲಿದ್ದರೆ ಎಸೆಯಬೇಡಿ, ಕಾರ್ಬನ್ ಮೈಕ್ ಇದ್ದರೂ ಪರವಾಗಿಲ್ಲ, ಕಿತ್ತು ಬದಲಾಯಿಸಿಕೊಳ್ಳುತ್ತೇನೆ.