ವಾದವಿಲ್ಲದ ಪುಟ

ಇಂದು ಬೆಳಿಗ್ಗೆ ಕಪಾಟು ಒರೆಸುವಾಗ, 2024ರ ನವೆಂಬರ್ ಚುನಾವಣೆಗೆಂದು ಕ್ಯಾಲಿಫೋರ್ನಿಯಾ ರಾಜ್ಯವು ಮನೆಮನೆಗೆ ಕಳುಹಿಸಿದ್ದ ಮತದಾರರ ಕೈಪಿಡಿ ಕೈಗೆ ಸಿಕ್ಕಿತು.

ಜನರ ತೀರ್ಮಾನಕ್ಕೆ ಬಂದಿದ್ದ ಹತ್ತು ಪ್ರಸ್ತಾವಗಳಲ್ಲಿ 6ನೇ ಸಂಖ್ಯೆಯದರ ಪುಟವನ್ನು ಅಂದು ಮಡಿಸಿಟ್ಟಿದ್ದೆ. ಕೈದಿಗಳನ್ನು ಶಿಕ್ಷೆಯೆಂದು ಬಲವಂತವಾಗಿ ದುಡಿಸಲು ರಾಜ್ಯದ ಸಂವಿಧಾನ ಕೊಟ್ಟಿರುವ ಅವಕಾಶವನ್ನು ತೆಗೆದುಹಾಕಬೇಕೇ ಎಂಬುದು ಅದರ ಪ್ರಶ್ನೆ. ಪರವಾದ ವಾದ ಅಚ್ಚಾಗಿದೆ. ವಿರೋಧದ ವಾದವಿರಬೇಕಾದ ಜಾಗದಲ್ಲಿ, ಯಾರೂ ಅಂಥ ವಾದವನ್ನು ಸಲ್ಲಿಸಿಲ್ಲವೆಂಬ ಒಂದೇ ಸಾಲಿದೆ.

ಆ ಸಾಲನ್ನು ನಂಬಿ, ಇದು ಗೆದ್ದೇ ಗೆಲ್ಲುತ್ತದೆಂದು ನೆಮ್ಮದಿಯಿಂದಿದ್ದೆ. ಆದರೆ ಸುಮಾರು ಶೇ. 53ರಷ್ಟು ಮತಗಳು ಬೇಡವೆಂದವು.

ಅದೇ ದಿನ ಪಕ್ಕದ ನೆವಾಡಾದಲ್ಲಿ ಇಂಥದೇ ತಿದ್ದುಪಡಿಗೆ ಸುಮಾರು ಶೇ. 60ರಷ್ಟು ಮತ ಬಿದ್ದು ಅದು ಗೆದ್ದಿತು. ಅಲ್ಲಿನ ಮತಪತ್ರದಲ್ಲಿ ಗುಲಾಮಗಿರಿ ಎಂಬ ಪದವೇ ಇತ್ತು. ಇಲ್ಲಿನ ಶೀರ್ಷಿಕೆಯಲ್ಲಿದ್ದದ್ದು ಇಚ್ಛೆಗೆ ವಿರುದ್ಧವಾದ ದುಡಿಮೆ ಎಂಬರ್ಥದ, ಕಾನೂನು ಪುಸ್ತಕದಿಂದ ಎತ್ತಿದಂಥ ಪದ. ಸೋಲಿಗೆ ಅದೊಂದೇ ಕಾರಣವೆಂದು ಹೇಳಲಾರೆ. ಆದರೂ, ಜೀತ ಎಂಬ ಎರಡಕ್ಷರದ ಮಾತನ್ನು ಕೇಳಿಯೇ ಬೆಳೆದ ನನಗೆ ತಟ್ಟನೆ ಹೊಳೆದ ಅರ್ಥ, ಮತಗಟ್ಟೆಯಲ್ಲಿ ಅವಸರದಲ್ಲಿ ಓದಿದ ಎಷ್ಟು ಮಂದಿಗೆ ಮುಟ್ಟಿರಬಹುದು ಎಂಬ ಯೋಚನೆ ಇಡೀ ದಿನ ಬಿಡಲಿಲ್ಲ.